ನಾಗಭೂಷಣ್ ಮೇಷ್ಟ್ರ ನೀರಿನ ಮಟ್ಟ

ನಾಗಭೂಷಣ್ ಅವರ ಹೊಟ್ಟೆಯುರಿಗೆ ಮೂಲ ಕಾರಣ ಮೂವತ್ತಾರು ಕುರ್ಚಿಗಳು.

ಸಾಮಾನ್ಯ ಕುರ್ಚಿಗಳಲ್ಲ. ಒಂದೊಂದಕ್ಕೂ ಐದೈದು ಪುಟ್ಟ ಚಕ್ರ, ಪಕ್ಕದಲ್ಲಿ ಪುಸ್ತಕವಿಡಲು ಮಡಚುವ ಹಲಗೆ, ಗಿಳಿಹಸಿರು ಬಣ್ಣ. ಬಸವನಗುಡಿಯ ಆ ಕಾಲೇಜಿನಲ್ಲಿ ನಾಗಭೂಷಣ್ ಭೌತಶಾಸ್ತ್ರ ಹೇಳಿಕೊಡಲು ಶುರುಮಾಡಿ ಇಪ್ಪತ್ತಾರು ವರ್ಷವಾಗಿತ್ತು. ಇಷ್ಟು ವರ್ಷದಲ್ಲಿ ಅವರು ಕಾಲೇಜನ್ನು ಕೇಳಿದ್ದು ಒಂದೇ ಒಂದು. ಸ್ಟಾಫ್ ರೂಮಿನ ತಮ್ಮ ಕುರ್ಚಿಯ ಹಿಂದಿನ ಕಾಲು ಅರ್ಧ ಇಂಚು ಗಿಡ್ಡವಾಗಿತ್ತು, ಅದಕ್ಕೊಂದು ರಬ್ಬರ್ ಬುಶ್ ಹಾಕಿಸಿಕೊಡಿ ಎಂದು. ಆ ಅರ್ಜಿ ಇನ್ನೂ ಆಫೀಸಿನಲ್ಲಿ ಪರಿಶೀಲನೆಯಲ್ಲಿತ್ತು. ಐದು ವರ್ಷದ ಹಿಂದೆ ಅದೇ ವಿಭಾಗಕ್ಕೆ ಸೇರಿದ ಪ್ರಿಯಂವದಾ ಮೇಡಂ ಮಾತ್ರ ಒಂದೇ ಪುಟದ ಪತ್ರ ಬರೆದು ಎರಡನೆಯ ಮಹಡಿಯ ಇಡೀ ಹಾಲನ್ನು ಪಡೆದುಕೊಂಡಿದ್ದರು.

ಆ ಹಾಲಿನ ಬಾಗಿಲ ಮೇಲೆ ಈಗ ‘ಆಕ್ಟಿವ್ ಲರ್ನಿಂಗ್ ಕ್ಲಾಸ್‌ರೂಮ್’ ಎಂಬ ಬೋರ್ಡಿತ್ತು. ಒಳಗೆ ಆರು ದುಂಡು ಮೇಜು, ಮೇಜಿಗೆ ಆರು ಕುರ್ಚಿ, ನಾಲ್ಕೂ ಗೋಡೆಗೆ ಬಿಳಿ ಬೋರ್ಡು. ಮೇಷ್ಟ್ರಿಗೆ ವೇದಿಕೆಯಿಲ್ಲ, ಮೇಜಿಲ್ಲ, ಮುಂದು ಯಾವುದು ಹಿಂದು ಯಾವುದು ಎಂಬುದೂ ಇಲ್ಲ. ಅಲ್ಲಿ ಮೇಡಂ ಪಾಠ ಮಾಡುತ್ತಿರಲಿಲ್ಲ, ವಿದ್ಯಾರ್ಥಿಗಳ ಕೈಲೇ ಮಾಡಿಸುತ್ತಿದ್ದರು. ಒಂದು ಪ್ರಶ್ನೆ ಎಸೆದು ಮೇಜಿನಿಂದ ಮೇಜಿಗೆ ಸುಮ್ಮನೆ ಓಡಾಡುತ್ತಿದ್ದರು. ಕಾರಿಡಾರಿನಲ್ಲಿ ಹೋಗುವಾಗ ಒಳಗಿನಿಂದ ನಗು ಕೇಳಿಸುತ್ತಿತ್ತು. ನಾಗಭೂಷಣ್ ಅವರ ತರಗತಿಯಲ್ಲಿ ಇಪ್ಪತ್ತಾರು ವರ್ಷದಲ್ಲಿ ನಗು ಎದ್ದದ್ದು ಒಂದೇ ಸಲ, ಪಾರಿವಾಳವೊಂದು ಕಿಟಕಿಯಿಂದ ಬಂದು ಅವರ ನೋಟ್ಸಿನ ಮೇಲೆ ಕೂತಾಗ.

ಇದನ್ನಾದರೂ ಅವರು ಸಹಿಸಿಕೊಳ್ಳುತ್ತಿದ್ದರೇನೋ. ಆದರೆ ಆಡಳಿತ ಮಂಡಳಿ ಇದೀಗ ‘ಬೋಧನಾ ನಾವೀನ್ಯ ಕೇಂದ್ರ’ ಎಂದೊಂದನ್ನು ತೆರೆಯುವುದಾಗಿ ಹೇಳಿ, ಅದಕ್ಕೆ ನಿರ್ದೇಶಕರೊಬ್ಬರನ್ನು ಆರಿಸಲು ಹೊರಟಿತ್ತು. ನಿರ್ದೇಶಕರಿಗೆ ಪ್ರತ್ಯೇಕ ಕೋಣೆ, ಹೆಸರಿನ ಫಲಕ, ವಾರಕ್ಕೆ ನಾಲ್ಕೇ ತರಗತಿ. ವಯಸ್ಸಿನ ಲೆಕ್ಕದಲ್ಲಿ ಅದು ನಾಗಭೂಷಣ್ ಅವರಿಗೆ ಬರಬೇಕು. ಊರವರ ಮಾತಿನ ಲೆಕ್ಕದಲ್ಲಿ ಪ್ರಿಯಂವದಾಗೆ. ಪ್ರಿನ್ಸಿಪಾಲ್ ಚಂದ್ರಶೇಖರಯ್ಯನವರು ಯಾರನ್ನೂ ನೋಯಿಸದ ಮನುಷ್ಯ. ಹೊರಗಿನ ಮೂವರ ಸಮಿತಿಯೊಂದು ಗುರುವಾರ ಬಂದು ಇಬ್ಬರ ತರಗತಿಯನ್ನೂ ನೋಡಿ ಹೇಳಲಿ ಎಂದುಬಿಟ್ಟರು.

ಗುರುವಾರ ಬೆಳಿಗ್ಗೆ ಹನುಮಂತನಗರದ ಮನೆಯಲ್ಲಿ ನಾಗಭೂಷಣ್ ಗ್ಯಾಸಿನ ಮಾತ್ರೆ ನುಂಗುತ್ತಿದ್ದಾಗ ಹೆಂಡತಿ ಮಹಾನಂದ ಉಪ್ಪಿಟ್ಟಿನ ತಟ್ಟೆ ತಂದಿಟ್ಟರು.

“ಆ ಮಾತ್ರೆ ಬಿಡ್ರೀ. ಅದು ಗ್ಯಾಸ್ಟ್ರಿಕ್ ಅಲ್ಲ.”

“ನೀನೇನು ಡಾಕ್ಟ್ರಾ?”

“ಗ್ಯಾಸ್ಟ್ರಿಕ್ ಆಗಿದ್ರೆ ಭಾನುವಾರನೂ ಬರ್ಬೇಕಿತ್ತಲ್ಲ. ದಸರಾ ರಜದಲ್ಲಿ ಹದಿನೈದು ದಿನ ಬೋಂಡ ತಿಂದ್ರಿ, ಏನೂ ಆಗ್ಲಿಲ್ಲ. ಕಾಲೇಜು ತೆರೆದ ದಿನ ಶುರುವಾಯ್ತು.”

ವಿಜ್ಞಾನ ಓದದವರು ಇಷ್ಟು ವೈಜ್ಞಾನಿಕವಾಗಿ ಮಾತಾಡುವುದು ಅವರಿಗೆ ಹಿಡಿಸಲಿಲ್ಲ. ಅರ್ಧ ಉಪ್ಪಿಟ್ಟು ಬಿಟ್ಟು ಎದ್ದರು.

ಅವರು ಬೆಳಿಗ್ಗೆ ಎಂಟೂವರೆಗೇ ಕಾಲೇಜು ತಲುಪಿದ್ದಕ್ಕೆ ಕಾರಣವಿತ್ತು. ಗಣಿತದ ಈಶ್ವರ್ ಹಿಂದಿನ ವಾರ ನಾಗಭೂಷಣ್ ಅವರಿಗೆ ಒಂದು ಉಪಾಯ ಹೇಳಿಕೊಟ್ಟಿದ್ದರು. ಈಶ್ವರ್‌ಗೆ ಬೇರೆಯವರ ಪೈಪೋಟಿ ಎಂದರೆ ಮಧ್ಯಾಹ್ನದ ಎರಡನೆಯ ಕಾಫಿಯ ಹಾಗೆ. ತಮಗೆ ಉಪಯೋಗವಿಲ್ಲ, ಇಲ್ಲದಿದ್ದರೆ ದಿನ ಸಾಗುವುದಿಲ್ಲ.

“ತುಂಬ ಸುಲಭ ಸರ್,” ಎಂದಿದ್ದರು ಈಶ್ವರ್. “ಮಕ್ಕಳಿಗೆ ಒಬ್ಬೊಬ್ಬರಿಗೆ ಮೂರು ಕಾರ್ಡ್ ಕೊಡಿ. ಒಂದು ಪ್ರಶ್ನೆ, ಮೂರು ಉತ್ತರ. ಮೊದಲು ಕಾರ್ಡ್ ಎತ್ತಿಸಿ, ಜಾಸ್ತಿ ಜನ ತಪ್ಪು ಹೇಳ್ಬೇಕು. ಆಮೇಲೆ ಐದು ನಿಮಿಷ ಅವರವರೇ ಚರ್ಚೆ ಮಾಡ್ಲಿ. ಮತ್ತೆ ಎತ್ತಿಸಿ, ಈಗ ಎಲ್ಲರೂ ಸರಿ ಹೇಳ್ಬೇಕು. ಸಮಿತಿಯವರು ನೋಡೋದು ಆ ವ್ಯತ್ಯಾಸ ಒಂದನ್ನೇ.”

“ಅಷ್ಟು ಜನ ಐದು ನಿಮಿಷದಲ್ಲಿ ಸರಿ ಹೇಳ್ತಾರೇನ್ರೀ?”

“ಮೊದಲೇ ಹೇಳಿಕೊಟ್ರೆ ಯಾಕೆ ಹೇಳಲ್ಲ?”

ನಾಗಭೂಷಣ್ ಯಾವ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುವವರು. ಲೋಪವಿಲ್ಲದ ಯೋಜನೆ ಬೇಕು ಎಂದು ಗ್ರಾಫ್ ಹಾಳೆಯ ಮೇಲೆ ಮೂವತ್ತಾರು ಮಂದಿಯ ಪಟ್ಟಿ ಮಾಡಿದರು. ಪ್ರಶ್ನೆಯನ್ನು ತಮ್ಮ ಹಳೆಯ ನೋಟ್ಸಿನಿಂದಲೇ ತೆಗೆದರು. ಕೊಳದಲ್ಲಿ ಒಂದು ದೋಣಿ, ದೋಣಿಯಲ್ಲಿ ಒಂದು ಕಬ್ಬಿಣದ ಗುಂಡು. ಗುಂಡನ್ನು ಎತ್ತಿ ನೀರಿಗೆ ಹಾಕಿದರೆ ಮುಳುಗುತ್ತದೆ. ಆಗ ಕೊಳದ ನೀರಿನ ಮಟ್ಟ ಏರುತ್ತದೆಯೆ, ಇಳಿಯುತ್ತದೆಯೆ, ಹಾಗೆಯೇ ಇರುತ್ತದೆಯೆ? ಏರುತ್ತದೆ ಎನ್ನುವವರಿಗೆ ಹಳದಿ ಕಾರ್ಡು, ಇಳಿಯುತ್ತದೆ ಎನ್ನುವವರಿಗೆ ಕೆಂಪು, ಹಾಗೆಯೇ ಇರುತ್ತದೆ ಎನ್ನುವವರಿಗೆ ಹಸಿರು. ಸರಿ ಉತ್ತರ ಹಸಿರು. ನೋಟ್ಸಿನಲ್ಲಿ ಹಾಗೆಂದು ಕೆಳಗೆ ಎರಡು ಗೆರೆ ಎಳೆದು ಬರೆದಿತ್ತು. ಇಪ್ಪತ್ತಾರು ವರ್ಷದಿಂದ ಅವರು ಅದನ್ನು ಹಾಗೆಯೇ ಬರೆಸುತ್ತಿದ್ದರು, ಪರೀಕ್ಷೆಯಲ್ಲಿ ಮಕ್ಕಳು ಹಾಗೆಯೇ ಬರೆಯುತ್ತಿದ್ದರು, ಅವರು ಪೂರ್ತಿ ಅಂಕ ಕೊಡುತ್ತಿದ್ದರು.

ಎಂಟೂಮುಕ್ಕಾಲಿಗೆ ಹಳೆಯ ಕೊಠಡಿಯಲ್ಲಿ ತಾಲೀಮು ಶುರುವಾಯಿತು.

“ಮೊದಲನೇ ಸಲ ಹದಿನೈದು ಜನ ಹಳದಿ, ಹನ್ನೊಂದು ಜನ ಕೆಂಪು, ಹತ್ತು ಜನ ಹಸಿರು. ಎರಡನೇ ಸಲ ಎಲ್ಲರೂ ಹಸಿರು,” ಎಂದರು ನಾಗಭೂಷಣ್. ಬಾಗಿಲಲ್ಲಿ ನಿಂತಿದ್ದ ಈಶ್ವರ್ ಕೆಮ್ಮಿದರು.

“ಎಲ್ಲರೂ ಬೇಡ ಸರ್. ನೂರಕ್ಕೆ ನೂರು ಅಂದ್ರೆ ಅನುಮಾನ ಬರುತ್ತೆ. ಇಬ್ಬರು ಕೊನೇವರೆಗೂ ದಡ್ಡರಾಗೇ ಇರ್ಲಿ.”

ಕೊನೆಯ ಬೆಂಚಿನಿಂದ ಇಬ್ಬರು ಕೈ ಎತ್ತಿದರು. ಅವರಿಗೆ ಹಳದಿ ಕಾರ್ಡು ಖಾಯಂ ಆಯಿತು.

ಕ್ಲಾಸ್ ಲೀಡರ್ ಸಮರ್ಥ ಎದ್ದುನಿಂತ. “ಸರ್, ಚರ್ಚೆ ಟೈಮಲ್ಲಿ ಏನು ಮಾತಾಡ್ಬೇಕು?”

“ಏನಾದ್ರೂ ಮಾತಾಡಿ. ಬಾಯಿ ಆಡ್ತಿದ್ರೆ ಸಾಕು.”

“ಐದು ನಿಮಿಷ ಸುಮ್ಸುಮ್ನೆ ಹೇಗೆ ಸರ್?”

“ದಿನಾ ನನ್ನ ಕ್ಲಾಸಲ್ಲಿ ಐವತ್ತು ನಿಮಿಷ ಹೇಗೆ ಮಾತಾಡ್ತೀರೋ, ಹಾಗೆ.”

ಮೂರನೆಯ ಸಾಲಿನ ಆರಾಧನಾ ಕೈ ಎತ್ತಿದಳು. ಅವಳು ಕೈ ಎತ್ತಿದರೆ ನಾಗಭೂಷಣ್ ಅವರಿಗೆ ಹಲ್ಲುನೋವು ಬಂದ ಹಾಗಾಗುತ್ತಿತ್ತು. “ಸರ್, ನಂಗೆ ಮೊದಲನೇ ಸಲ ಕೆಂಪು ಬಂದಿದೆ. ಯಾಕೆ ಇಳಿಯುತ್ತೆ ಅಂತ ಅವರು ಕೇಳಿದ್ರೆ ಏನು ಹೇಳ್ಲಿ?”

“ಯಾರೂ ಕೇಳಲ್ಲಮ್ಮ.”

“ಕೇಳಿದ್ರೆ?”

“ತಪ್ಪು ಉತ್ತರಕ್ಕೆ ಕಾರಣ ಎಲ್ಲಿಂದ ತರೋದು? ಬಾಯಿಗೆ ಬಂದದ್ದು ಏನೋ ಒಂದು ಹೇಳು, ಕೂತ್ಕೊ.”

ಹತ್ತಕ್ಕೆ ಪ್ರಿಯಂವದಾ ಅವರ ಸರದಿ. ಮಲ್ಲೇಶ್ವರದ ಮನೆಯಿಂದ ಸಂಪಿಗೆ ರಸ್ತೆಯಲ್ಲಿ ಮೆಟ್ರೊ ಹತ್ತಿ ಬಂದ ಅವರು, ಕೂದಲು ಸಹ ಕೆದರದೆ, ಪಿಕ್‌ನಿಕ್ಕಿಗೆ ಹೊರಟವರಂತೆ ಒಂದು ಚೀಲ ನೇತುಹಾಕಿಕೊಂಡು ಒಳಗೆ ಹೋದರು. ಸಮಿತಿಯ ಮೂವರು ಹಿಂದೆಯೇ ಹೋದರು. ಮುಖ್ಯಸ್ಥರು ರಾಮಸ್ವಾಮಿ ಎಂಬ ನಿವೃತ್ತ ಪ್ರೊಫೆಸರು, ಎಪ್ಪತ್ತರ ಮೇಲಿನವರು, ಜೇಬಿನಲ್ಲಿ ಮೂರು ಪೆನ್ನು. ಉಳಿದಿಬ್ಬರು ರಾಮಸ್ವಾಮಿ ತಲೆಯಾಡಿಸಿದಾಗ ತಲೆಯಾಡಿಸಲೆಂದು ಬಂದವರಂತಿದ್ದರು.

ನೋಡಬಾರದು ಎಂದುಕೊಂಡೇ ನಾಗಭೂಷಣ್ ಬಾಗಿಲ ಗಾಜಿಗೆ ಮೂಗು ಒತ್ತಿದರು. ಒಳಗೆ ಹುಡುಗರು ಎದ್ದುನಿಂತು ವಾದಿಸುತ್ತಿದ್ದರು, ಒಬ್ಬಳು ಗೋಡೆಯ ಮೇಲೆ ಲೆಕ್ಕ ಮಾಡುತ್ತಿದ್ದಳು, ಇನ್ನೊಬ್ಬ ಅದನ್ನು ಅಳಿಸುತ್ತಿದ್ದ. ಮೇಡಂ ಒಂದು ಮೇಜಿನ ಪಕ್ಕ ಕುಕ್ಕರಗಾಲಲ್ಲಿ ಕೂತು, “ಅಯ್ಯೋ, ನಂಗೂ ಗೊತ್ತಿಲ್ಲ, ಮಾಡಿ ನೋಡೋಣ,” ಎನ್ನುತ್ತಿದ್ದರು. ಗೊತ್ತಿಲ್ಲ ಎಂದು ಹೇಳಿ ಸಂಬಳ ತೆಗೆದುಕೊಳ್ಳುವುದು! ತಾವು ಒಮ್ಮೆಯಾದರೂ ಗೊತ್ತಿಲ್ಲ ಎಂದದ್ದುಂಟೆ? ರಾಮಸ್ವಾಮಿ ಒಂದು ಪುಟ ಬರೆದು ಮಗುಚಿ ಎರಡನೆಯ ಪುಟಕ್ಕೆ ಹೋದರು. ನಾಗಭೂಷಣ್ ಅವರ ಎದೆಯ ಕೆಳಗೆ ಬಾಣಲೆಗೆ ಬಿದ್ದ ಸಾಸಿವೆಯಂತೆ ಏನೋ ಸಿಡಿಯತೊಡಗಿತು.

ಅಷ್ಟರಲ್ಲಿ ಪ್ರಿಯಂವದಾ ತಲೆ ಎತ್ತಿ ಗಾಜಿನ ಹಿಂದಿನ ಚಪ್ಪಟೆ ಮೂಗನ್ನು ನೋಡಿದರು. ಬಾಗಿಲು ತೆರೆದು, “ಬನ್ನಿ ಸರ್, ಹೊರಗ್ಯಾಕೆ ನಿಂತಿದೀರಿ? ಕೂತ್ಕೊಳ್ಳಿ,” ಎಂದು ಒಂದು ಹಸಿರು ಕುರ್ಚಿಯನ್ನು ತಳ್ಳಿದರು. ಬೇಡ ಎನ್ನಲು ಬಾಯಿ ತೆರೆಯುವ ಮೊದಲೇ ರಾಮಸ್ವಾಮಿಯವರು ಅವರನ್ನು ನೋಡಿ ನಕ್ಕಿದ್ದರು. ನಾಗಭೂಷಣ್ ತಮ್ಮ ಗಿಡ್ಡ ಕಾಲಿನ ಕುರ್ಚಿಯ ಅಭ್ಯಾಸದಂತೆ ಹಿಂದಕ್ಕೆ ಭಾರ ಹಾಕಿ ಕೂತರು. ಕುರ್ಚಿ ಅವರನ್ನು ಹೊತ್ತುಕೊಂಡು ಹಿಂದಕ್ಕೆ ಹೊರಟು, ಎರಡು ಮೇಜಿನ ನಡುವೆ ನುಸುಳಿ, ಸಮಿತಿಯ ಇನ್ನೊಬ್ಬ ಸದಸ್ಯರ ಕಾಫಿ ಲೋಟಕ್ಕೆ ಇವರ ಮೊಣಕೈ ತಾಗಿಸಿ, ಗೋಡೆಯ ಬೋರ್ಡಿಗೆ ಡಿಕ್ಕಿ ಹೊಡೆದು ನಿಂತಿತು. ಅವರು ಎದ್ದಾಗ ಅಂಗಿಯ ಬೆನ್ನ ಮೇಲೆ ಯಾರದೋ ಅರ್ಧ ಸಮೀಕರಣ ಅಂಟಿಕೊಂಡಿತ್ತು.

“ಘರ್ಷಣೆ ಇಲ್ಲದ ಚಲನೆ,” ಎಂದ ಒಬ್ಬ ಹುಡುಗ. ಇಡೀ ಕೋಣೆ ನಕ್ಕಿತು. ಪ್ರಿಯಂವದಾ ಅವರೂ ನಗು ತಡೆಯಲಿಲ್ಲ. ಅದನ್ನು ನಾಗಭೂಷಣ್ ಮನಸ್ಸಿನಲ್ಲಿ ದಿನಾಂಕ ಸಮೇತ ಬರೆದಿಟ್ಟುಕೊಂಡರು.

ಹನ್ನೊಂದಕ್ಕೆ ಅದೇ ಹಾಲಿನಲ್ಲಿ ಅವರ ಸರದಿ ಬಂತು.

ಆರಂಭ ಬೆಣ್ಣೆಯಂತಿತ್ತು. ಪರದೆಯ ಮೇಲೆ ದೋಣಿ ಬಂತು, ಗುಂಡು ಬಂತು. ಕಾರ್ಡು ಎತ್ತಿ ಎಂದೊಡನೆ ಹದಿನೈದು ಹಳದಿ, ಹನ್ನೊಂದು ಕೆಂಪು, ಹತ್ತು ಹಸಿರು ಏಕಕಾಲಕ್ಕೆ ಎದ್ದವು. ಗ್ರಾಫ್ ಹಾಳೆಗೂ ಕೋಣೆಗೂ ಒಂದು ಕೂದಲಿನ ವ್ಯತ್ಯಾಸವಿರಲಿಲ್ಲ.

“ಈಗ ಚರ್ಚೆ ಮಾಡಿ,” ಎಂದು ನಾಗಭೂಷಣ್ ಗಡಿಯಾರ ನೋಡಿಕೊಂಡರು.

ಮೊದಲ ನಿಮಿಷ ಎಲ್ಲರ ಬಾಯಿಯೂ ಆಡಿತು. ಗಾಂಧಿ ಬಜಾರಿನ ದೋಸೆ, ಮತ್ತಿಕೆರೆಯ ಪೇಯಿಂಗ್ ಗೆಸ್ಟಿನ ಸೊಳ್ಳೆ, ಭಾನುವಾರದ ಮ್ಯಾಚು ಎಲ್ಲವೂ ತಗ್ಗಿದ ದನಿಯಲ್ಲಿ ಬಂದುಹೋದವು. ಎರಡನೆಯ ನಿಮಿಷದಲ್ಲಿ ಯಾರೂ ಎಣಿಸದ ಘಟನೆ ನಡೆಯಿತು. ರಾಮಸ್ವಾಮಿಯವರು ಎದ್ದು ಮೇಜುಗಳ ಕಡೆ ನಡೆದರು. ಅವರು ಹತ್ತಿರ ಬಂದ ಮೇಜಿನಲ್ಲಿ ಮ್ಯಾಚು ಸತ್ತು ದೋಣಿ ತೇಲತೊಡಗಿತು. ಅವರು ನೇರವಾಗಿ ಆರಾಧನಾಳ ಪಕ್ಕ ಬಂದು ನಿಂತರು.

“ನೀವು ಕೆಂಪು ಎತ್ತಿದ್ರಿ ಅಲ್ವಾಮ್ಮ? ಮಟ್ಟ ಯಾಕೆ ಇಳಿಯುತ್ತೆ?”

ಆರಾಧನಾ ಒಮ್ಮೆ ನಾಗಭೂಷಣ್ ಅವರ ಕಡೆ ನೋಡಿದಳು. ನಾಗಭೂಷಣ್ ಚಾವಣಿ ನೋಡಿದರು.

“ಅದೂ... ಸರ್, ಗುಂಡು ದೋಣಿಯೊಳಗೆ ಇದ್ದಾಗ ಅದರ ಭಾರಾನೂ ನೀರೇ ಹೊರ್ಬೇಕು. ಅಂದ್ರೆ ಗುಂಡು ಎಷ್ಟು ತೂಕ ಇದೆಯೋ ಅಷ್ಟು ತೂಕದ ನೀರು ಪಕ್ಕಕ್ಕೆ ಸರೀಬೇಕು. ಕಬ್ಬಿಣ ಅಲ್ವಾ, ತುಂಬ ನೀರು ಬೇಕಾಗುತ್ತೆ. ಆದ್ರೆ ತಳಕ್ಕೆ ಹೋದ್ಮೇಲೆ ನೀರು ಅದನ್ನ ಪೂರ್ತಿ ಹೊರ್ತಾ ಇಲ್ಲ. ಬರೀ ಗುಂಡಿನ ಗಾತ್ರದಷ್ಟು ಜಾಗ ಬಿಟ್ಟುಕೊಟ್ರೆ ಸಾಕು. ಅದು ಸ್ವಲ್ಪಾನೇ. ಹಾಗಾಗಿ...”

ಅವಳು ನಿಲ್ಲಿಸಿದಳು. ಬಾಯಿಗೆ ಬಂದದ್ದು ಹೇಳಲು ಹೋಗಿ ನಿಜವೇ ಬಾಯಿಗೆ ಬಂದುಬಿಟ್ಟವರ ಮುಖವಾಗಿತ್ತು ಅದು. ರಾಮಸ್ವಾಮಿ ಮುಂದಿನ ಮೇಜಿಗೆ ಹೋದರು.

“ಲೋ ಸಮರ್ಥ,” ಎಂದಳು ಆರಾಧನಾ ಮೆಲ್ಲಗೆ, “ಇದು ನಿಜಾನೇ ಕಣೋ.”

“ಸುಮ್ನಿರೇ. ನಿಂದು ತಪ್ಪು ಅಂತ ಸರ್ ಬೆಳಿಗ್ಗೆನೇ ಹೇಳಿದಾರೆ.”

“ಸರ್ ಹೇಳಿದ್ದು ನೀರಿಗೆ ಗೊತ್ತಾಗುತ್ತಾ?”

“ಮೊದಲು ಹಸಿರು ಎತ್ತು, ಆಮೇಲೆ ಯೋಚನೆ ಮಾಡು.”

“ಅದೇ ಇಷ್ಟು ದಿನ ಮಾಡಿದ್ದು.”

ಪಕ್ಕದ ಮೇಜಿನವನು ಚಕ್ರದ ಕುರ್ಚಿಯಲ್ಲೇ ಸರ್ರನೆ ಬಂದು, ಏನಂದೆ ಇನ್ನೊಂದ್ಸಲ ಹೇಳು ಎಂದ. ಕೇಳಿಸಿಕೊಂಡು ಸರ್ರನೆ ವಾಪಸು ಹೋಗಿ ತನ್ನ ಮೇಜಿಗೆ ಹೇಳಿದ. ಅಲ್ಲಿಂದ ಇನ್ನೊಬ್ಬಳು ಹೊರಟಳು. ಮೂವತ್ತಾರು ಕುರ್ಚಿಗಳು ಹಬ್ಬದ ದಿನದ ಆಟೋಗಳಂತೆ ಅಡ್ಡಾದಿಡ್ಡಿ ಓಡಾಡಿದವು. ಧ್ವನಿ ಏರಿತು. ಯಾರೋ ಗೋಡೆಗೆ ಎದ್ದು ದೋಣಿ ಬರೆದರು. ನಾಗಭೂಷಣ್ ಅವರಿಗೆ ಒಂದು ಕ್ಷಣ ಬಹಳ ಸಂತೋಷವಾಯಿತು. ಎಷ್ಟು ಚೆನ್ನಾಗಿ ನಟಿಸುತ್ತಿವೆ ಮಕ್ಕಳು ಎಂದುಕೊಂಡರು.

“ಸಮಯ ಆಯ್ತು. ಎತ್ತಿ ಕಾರ್ಡು.”

ಕೋಣೆ ಮೇ ತಿಂಗಳ ಗುಲ್‌ಮೊಹರಿನಂತೆ ಕೆಂಪಾಯಿತು. ಹಸಿರೆಂದರೆ ಸಮರ್ಥನ ಕೈಯಲ್ಲಿದ್ದದ್ದು ಒಂದೇ. ದಡ್ಡರಾಗಿರಲು ನೇಮಕಗೊಂಡ ಇಬ್ಬರು ಮಾತ್ರ ಕೊಟ್ಟ ಮಾತಿಗೆ ತಪ್ಪದೆ ಹಳದಿ ಹಿಡಿದು ಕೂತಿದ್ದರು.

ನಾಗಭೂಷಣ್ ಅವರ ಕಿವಿ ಬಿಸಿಯಾಯಿತು. “ಯೋಚನೆ ಮಾಡಿ ಎತ್ತಿದ್ರಾ?” ಎಂದರು. ಹುಬ್ಬಿನಲ್ಲೇ ಸನ್ನೆ ಮಾಡಿದರು. ಯಾರೂ ಕಾರ್ಡು ಬದಲಿಸಲಿಲ್ಲ.

“ತಪ್ಪು. ಮಟ್ಟ ಹಾಗೇ ಇರುತ್ತೆ. ಗುಂಡು ಮೊದಲೂ ಕೊಳದಲ್ಲೇ ಇತ್ತು, ಆಮೇಲೂ ಕೊಳದಲ್ಲೇ ಇದೆ. ಹೊಸದಾಗಿ ಏನು ಬಂತು? ಏನು ಹೋಯ್ತು?” ಎಂದು ಜೇಬಿನಿಂದ ಸೀಮೆಸುಣ್ಣ ತೆಗೆದು ಬಿಳಿ ಬೋರ್ಡಿನ ಮೇಲೆ ಜೋರಾಗಿ ಬರೆದರು. ಸೀಮೆಸುಣ್ಣ ಕಿರುಗುಟ್ಟಿತೇ ಹೊರತು ಬೋರ್ಡಿನ ಮೇಲೆ ಏನೂ ಮೂಡಲಿಲ್ಲ.

“ಸರ್,” ಎಂದಳು ಆರಾಧನಾ, “ಮಾಡಿ ನೋಡೋಣ್ವಾ?”

ಬೇಡ ಎಂದರು ನಾಗಭೂಷಣ್. ದಯವಿಟ್ಟು ನೋಡೋಣ ಎಂದರು ರಾಮಸ್ವಾಮಿ. ಉಳಿದಿಬ್ಬರು ತಲೆಯಾಡಿಸಿದರು.

ಅಟೆಂಡರ್ ಅಂಜನಪ್ಪ ಶೌಚಾಲಯದ ನೀಲಿ ಬಕೆಟ್ಟಿನಲ್ಲಿ ನೀರು, ಕ್ಯಾಂಟೀನಿನಿಂದ ಚಟ್ನಿಯ ಸ್ಟೀಲ್ ಪಾತ್ರೆ, ಪ್ರಯೋಗಾಲಯದಿಂದ ಒಂದು ಕಿಲೋದ ಕಬ್ಬಿಣದ ಬಟ್ಟು ಹೊತ್ತು ತಂದ. ಇಳಿಸಿ ಹೋಗುವ ಬದಲು ಅಲ್ಲೇ ನಿಂತು ವಿಷಯ ಕೇಳಿಕೊಂಡು, “ನಂಗೂ ಒಂದು ಕಾರ್ಡ್ ಕೊಡಿ ಸರ್,” ಎಂದ. ಯಾರೋ ಕೊಟ್ಟರು. ಅವನೂ ಕೆಂಪನ್ನೇ ಎತ್ತಿದ.

ಪಾತ್ರೆ ತೇಲಿತು. ಬಟ್ಟನ್ನು ಅದರೊಳಗಿಟ್ಟರು, ಪಾತ್ರೆ ಕತ್ತಿನವರೆಗೂ ಮುಳುಗಿ ನಿಂತಿತು. ನೀರಿನ ಮಟ್ಟಕ್ಕೆ ಆರಾಧನಾ ಮಾರ್ಕರಿನಿಂದ ಗೆರೆ ಎಳೆದಳು. ಮೂವತ್ತಾರು ತಲೆ, ಸಮಿತಿಯ ಮೂರು ತಲೆ, ಅಂಜನಪ್ಪನದೊಂದು, ಎಲ್ಲವೂ ಬಕೆಟ್ಟಿನ ಮೇಲೆ ಬಾಗಿದವು. ನಾಗಭೂಷಣ್ ಬಾಗಲಿಲ್ಲ. ಅವರು ಆ ಹೊತ್ತಿನಲ್ಲಿ ಮನೆದೇವರನ್ನು ನೆನೆದರೆಂದು ಹೇಳಿದರೆ ಭೌತಶಾಸ್ತ್ರಕ್ಕೆ ಅವಮಾನ, ಆದರೂ ನೆನೆದರು.

ಬಟ್ಟು ಪಾತ್ರೆಯಿಂದ ಹೊರಬಂದು ನೀರಿನ ತಳ ಸೇರಿತು. ಅಲೆ ನಿಂತಿತು. ನೀರು ಗೆರೆಗಿಂತ ಒಂದು ಬೆರಳಿನಷ್ಟು ಕೆಳಗಿತ್ತು.

ಕೂಗು ಎದ್ದಿತು. ಆರಾಧನಾಳ ಬೆನ್ನನ್ನು ನಾಲ್ಕು ಜನ ಗುದ್ದಿದರು. ಆ ಗದ್ದಲದ ನಡುವೆ ನಾಗಭೂಷಣ್ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು. ಇಪ್ಪತ್ತಾರು ವರ್ಷ, ವರ್ಷಕ್ಕೆ ಅರವತ್ತು ಮಂದಿ. ಸಾವಿರದೈನೂರಕ್ಕೂ ಮೇಲಾಯಿತು. ಅವರಲ್ಲಿ ಒಬ್ಬ, ಹೆಸರು ನೆನಪಿಲ್ಲ, ದಪ್ಪ ಕನ್ನಡಕದ ಹುಡುಗ, ಮಟ್ಟ ಇಳಿಯುತ್ತದೆ ಎಂದು ಬರೆದು ಸೊನ್ನೆ ತೆಗೆದುಕೊಂಡು ಸ್ಟಾಫ್ ರೂಮಿಗೆ ಬಂದು ಹತ್ತು ನಿಮಿಷ ವಾದಿಸಿದ್ದ. ನೋಟ್ಸು ಸರಿಯಾಗಿ ಓದು ಎಂದು ಕಳಿಸಿದ್ದರು. ಅವನು ಪಾಪ ಹೋಗಿ ಓದಿಕೊಂಡು, ಮುಂದಿನ ಪರೀಕ್ಷೆಯಲ್ಲಿ ತಪ್ಪು ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದ.

ರಾಮಸ್ವಾಮಿಯವರು ಅವರ ಕಡೆ ನಡೆದು ಬಂದರು. ಮುಗಿಯಿತು ಎಂದುಕೊಂಡರು ನಾಗಭೂಷಣ್. ಮುದುಕರ ಕಣ್ಣಲ್ಲಿ ನೀರಿತ್ತು.

“ಮೇಷ್ಟ್ರೇ,” ಎಂದರು ಅವರ ಎರಡೂ ಕೈ ಹಿಡಿದು, “ನಲವತ್ತು ವರ್ಷದಲ್ಲಿ ನಾನು ಇಂಥ ಕ್ಲಾಸು ನೋಡಿಲ್ಲ. ಮೇಷ್ಟ್ರು ತಾನೇ ತಪ್ಪು ಉತ್ತರದ ಪರ ನಿಂತು, ಬಂಡೆ ಥರ ನಿಂತು, ಮಕ್ಕಳು ಬಂದು ಒಡೀಲಿ ಅಂತ ಕಾಯೋದು. ಆ ಸೀಮೆಸುಣ್ಣ ಅಂತೂ... ನಿಮ್ಮ ಮುಖ ನೋಡಿ ನಾನೇ ನಂಬಿಬಿಟ್ಟಿದ್ದೆ, ಇವರಿಗೆ ನಿಜವಾಗ್ಲೂ ಗೊತ್ತಿಲ್ಲ ಅಂತ. ಬೇಕೂಂತಲೇ ಮಾಡಿದ್ದಲ್ವಾ?”

ಸಮರ್ಥ ಹಸಿರು ಕಾರ್ಡನ್ನು ನಿಧಾನವಾಗಿ ಕೆಳಗಿಳಿಸಿದ. ಇಲ್ಲ ಎನ್ನಲು ಒಂದೇ ಪದ ಸಾಕಿತ್ತು. ಹಿಂದೆ ಸಾವಿರದೈನೂರು ಉತ್ತರಪತ್ರಿಕೆ, ಮುಂದೆ ಹೆಸರಿನ ಫಲಕ.

“ಹೌದು ಸರ್,” ಎಂದರು ನಾಗಭೂಷಣ್. ಅದಕ್ಕೆ ಸೇರಿಸಿದರು, “ಅದು ನನ್ನ ಪದ್ಧತಿ.”

ಮಧ್ಯಾಹ್ನದೊಳಗೆ ಸುದ್ದಿ ಕಾಲೇಜೆಲ್ಲ ಹರಡಿತು. ಇಷ್ಟು ದಿನ ಅವರನ್ನು ಕಂಡರೆ ದಾರಿ ಬದಲಿಸುತ್ತಿದ್ದ ಹುಡುಗರು ಎದುರಿಗೆ ಬಂದು ನಮಸ್ಕಾರ ಹೇಳಿದರು. “ನಮಗೂ ಹೇಳ್ದೆ ಆಕ್ಟ್ ಮಾಡಿಬಿಟ್ರಲ್ಲ ಸರ್,” ಎಂದ ಸಮರ್ಥ, ನಿಷ್ಠೆಗೆ ಪೆಟ್ಟು ಬಿದ್ದವನ ದನಿಯಲ್ಲಿ. ಈಶ್ವರ್ ಮಾತ್ರ ಊಟದ ಡಬ್ಬಿಯಿಂದ ತಲೆ ಎತ್ತಲಿಲ್ಲ. ಉಪಾಯ ಕೊಟ್ಟದ್ದು ತಾನು, ಕೀರ್ತಿ ಹೋದದ್ದು ಇವರಿಗೆ ಎಂಬ ಸಂಕಟ ಅವರ ಮೊಸರನ್ನದ ಮೇಲೆಲ್ಲ ಕವಿದಿತ್ತು. ಆ ಸಂಕಟವನ್ನು ಬೇರೆಯವರ ಮುಖದಲ್ಲಿ ನೋಡುವುದು ಎಷ್ಟು ಹಿತ ಎಂದು ನಾಗಭೂಷಣ್ ಅವರಿಗೆ ಮೊದಲ ಸಲ ತಿಳಿಯಿತು. ಡಬ್ಬಿ ಖಾಲಿ ಮಾಡಿ ಕ್ಯಾಂಟೀನಿನಲ್ಲಿ ಎರಡು ಬೋಂಡ ತಿಂದರು. ಹೊಟ್ಟೆ ತುಟಿಪಿಟಕ್ಕೆನ್ನಲಿಲ್ಲ.

ಮೂರೂವರೆಗೆ ಪ್ರಿನ್ಸಿಪಾಲರ ಕೋಣೆಗೆ ಕರೆ ಬಂತು. ಒಳಗೆ ಚಂದ್ರಶೇಖರಯ್ಯ, ರಾಮಸ್ವಾಮಿ, ಪ್ರಿಯಂವದಾ ಕೂತಿದ್ದರು. ಮೇಜಿನ ಮೇಲೆ ಎರಡು ಲಕೋಟೆಯಿತ್ತು.

“ಬನ್ನಿ ಬನ್ನಿ, ನಿಮ್ಮದೇ ಮಾತು,” ಎಂದರು ಚಂದ್ರಶೇಖರಯ್ಯ. “ಸಮಿತಿಯವರು ನಿಮ್ಮನ್ನ ಹೊಗಳಿದ್ದು ಕೇಳಿ ನಮಗೇ ನಾಚಿಕೆ ಆಯ್ತು. ಇಂಥ ಪ್ರತಿಭೆ ಇಟ್ಕೊಂಡು ಇಪ್ಪತ್ತಾರು ವರ್ಷ ಒಂದು ಮಾತಿಲ್ಲದೆ ಇದ್ರಲ್ಲ.”

ನಾಗಭೂಷಣ್ ವಿನಯದಿಂದ ನೆಲ ನೋಡಿದರು.

“ಅದಕ್ಕೇ,” ಎಂದು ರಾಮಸ್ವಾಮಿ ಮುಂದುವರಿಸಿದರು, “ನಾನು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟೆ. ಇವರನ್ನ ನಿರ್ದೇಶಕ ಮಾಡೋದು ಪಾಪ. ಆ ಹುದ್ದೆ ಅಂದ್ರೆ ಏನು? ಫೈಲು, ಮೀಟಿಂಗು, ವರದಿ. ಇಂಥವರು ಇರಬೇಕಾದ್ದು ಮಕ್ಕಳ ಮಧ್ಯೆ. ಫೈಲೆಲ್ಲ ಈ ಮಗು ನೋಡ್ಕೊಳ್ಳುತ್ತೆ.”

ಈ ಮಗು, ಅಂದರೆ ಪ್ರಿಯಂವದಾ, ಮೊದಲನೆಯ ಲಕೋಟೆಯನ್ನು ಸಂಕೋಚದಿಂದ ತೆಗೆದುಕೊಂಡರು.

ನಾಗಭೂಷಣ್ ಅವರ ನೋಟ ನೆಲದಿಂದ ಮೇಲೇಳಲಿಲ್ಲ. ಬೋಂಡ ಎಲ್ಲಿದ್ದರೂ ಅಲ್ಲಿ ಒಮ್ಮೆ ಮಗ್ಗುಲು ಬದಲಿಸಿತು.

“ನಿಮಗೆ ಬೇರೆ ಯೋಚನೆ ಮಾಡಿದೀವಿ,” ಎಂದರು ಚಂದ್ರಶೇಖರಯ್ಯ ಎರಡನೆಯ ಲಕೋಟೆ ತೆರೆಯುತ್ತಾ. “ಪ್ರಿಯಂವದಾ ಅವರೇ ಕೈ ಮುಗಿದು ಕೇಳ್ಕೊಂಡ್ರು. ಇನ್ಮೇಲೆ ಅವರ ಎಲ್ಲ ಕ್ಲಾಸಿಗೂ ನೀವು ಹೋಗಿ ಕೂರ್ತೀರಿ. ಕೆಮಿಸ್ಟ್ರಿ, ಬಾಟನಿಯವರ ಕ್ಲಾಸಿಗೂ ಅವರು ಹೇಳಿದಾಗ ಹೋಗ್ತೀರಿ. ಮೇಡಂ ಪ್ರಶ್ನೆ ಕೇಳ್ತಾರೆ, ನೀವು ತಪ್ಪು ಉತ್ತರ ಹೇಳಿ ಪಟ್ಟು ಹಿಡೀತೀರಿ, ಮಕ್ಕಳು ಅದನ್ನ ಒಡೀತಾರೆ. ಹುದ್ದೆಗೊಂದು ಹೆಸರೂ ಇಟ್ಟಿದೀವಿ, ‘ಪ್ರತಿವಾದಿ ಪ್ರಾಧ್ಯಾಪಕ’ ಅಂತ. ಇಲ್ಲಿ ಒಂದು ಸಹಿ ಹಾಕಿ.”

“ನಾನಾ?” ಎಂದರು ನಾಗಭೂಷಣ್. “ದಿನಾನಾ?”

“ವಾರಕ್ಕೆ ಹದಿನಾರು ಪೀರಿಯಡ್ಡು,” ಎಂದರು ಪ್ರಿಯಂವದಾ. “ನಿಮ್ಮ ಕ್ಲಾಸ್ ಬಿಟ್ಟು. ತೊಂದರೆ ಇಲ್ಲ ತಾನೇ ಸರ್?”

ತೊಂದರೆ ಇದೆ ಎನ್ನಬಹುದಿತ್ತು. ಏನು ತೊಂದರೆ ಎಂದು ಅವರು ಕೇಳುತ್ತಿದ್ದರು. ಆಗ, ಸ್ವಾಮಿ, ನಾನು ನಟಿಸಲಿಲ್ಲ, ನನಗೆ ಗೊತ್ತೇ ಇರಲಿಲ್ಲ ಎಂದು ಹೇಳಬೇಕಾಗುತ್ತಿತ್ತು. ಪ್ರಿನ್ಸಿಪಾಲರು ಪೆನ್ನಿನ ಮುಚ್ಚಳ ತೆಗೆದು ಚಾಚಿದರು. ನಾಗಭೂಷಣ್ ಸಹಿ ಹಾಕಿದರು. ರಾಮಸ್ವಾಮಿ ಚಪ್ಪಾಳೆ ತಟ್ಟಿದರು.

ಹೊರಗೆ ಕಾರಿಡಾರಿನಲ್ಲಿ ಪ್ರಿಯಂವದಾ ನಾಗಭೂಷಣ್ ಅವರ ಪಕ್ಕದಲ್ಲೇ ಹೆಜ್ಜೆ ಹಾಕಿದರು. “ತುಂಬ ಥ್ಯಾಂಕ್ಸ್ ಸರ್. ನನ್ನ ಕ್ಲಾಸಲ್ಲಿ ಕೊರತೆ ಇದ್ದದ್ದು ಇದೊಂದೇ. ನಾನು ತಪ್ಪು ಹೇಳಿದ್ರೆ ಮಕ್ಕಳು ನನ್ನ ಮುಖ ನೋಡೇ ಕಂಡುಹಿಡೀತಾರೆ. ನಾಳೆ ಒಂಬತ್ತಕ್ಕೆ ಮೊದಲ ಕ್ಲಾಸು. ಪ್ರಶ್ನೆ ಇದು. ಎಲ್ಲ ಕಡೆ ಮುಚ್ಚಿರೋ ಒಂದು ಕೋಣೆ. ಒಳಗೆ ಒಂದು ಫ್ರಿಜ್ಜು ಓಡ್ತಾ ಇದೆ, ಬಾಗಿಲು ತೆರೆದಿಟ್ಟಿದೀವಿ. ಕೋಣೆ ತಂಪಾಗುತ್ತಾ, ಬಿಸಿ ಆಗುತ್ತಾ? ನೀವು ಯಾವ ತಪ್ಪು ಹೇಳ್ತೀರಿ ಅಂತ ಈಗ್ಲೇ ಹೇಳಿದ್ರೆ ನಾನು ತಯಾರಾಗಿರ್ತೀನಿ.”

ನಾಗಭೂಷಣ್ ನಿಂತರು. ಆ ಉರಿಯ ನಡುವೆಯೇ ಅವರಿಗೊಂದು ಅದ್ಭುತವಾದ ಯೋಚನೆ ಹೊಳೆಯಿತು. ತಪ್ಪು ಉತ್ತರವೆಂದು ಹೇಳಿ ಸರಿ ಉತ್ತರವನ್ನೇ ಕೊಟ್ಟುಬಿಟ್ಟರೆ? ನಾಳೆ ಈಕೆ ಇಡೀ ತರಗತಿಯ ಮುಂದೆ ನಿಂತು, ಸರ್ ಹೇಳಿದ್ದು ತಪ್ಪು, ಒಡೆಯಿರಿ ಎನ್ನಬೇಕು. ಮಕ್ಕಳು ತಲೆ ಚಚ್ಚಿಕೊಂಡರೂ ಒಡೆಯಲಾಗಬಾರದು. ಕೊನೆಗೆ ತಾನು ಮೆಲ್ಲಗೆ ಎದ್ದುನಿಂತು, ಮೇಡಂ, ಅದು ಸರಿಯಾಗಿಯೇ ಇದೆಯಲ್ಲ ಎನ್ನಬೇಕು. ನಿರ್ದೇಶಕರ ಮುಖ ಆಗ ನೋಡಬೇಕು. ಮನಸ್ಸು ತಣ್ಣಗಾಯಿತು. ಈ ಪ್ರಶ್ನೆಯನ್ನೂ ಅವರು ಇಪ್ಪತ್ತಾರು ವರ್ಷದಿಂದ ಬರೆಸಿದವರೇ.

“ತಂಪೂ ಆಗಲ್ಲ, ಬಿಸಿನೂ ಆಗಲ್ಲ ಮೇಡಂ,” ಎಂದರು ಒಂದೊಂದೇ ಪದವನ್ನು ತೂಗಿ. “ಮುಂದಿನಿಂದ ಎಷ್ಟು ಶಾಖ ಒಳಗೆ ಎಳ್ಕೊಳ್ಳುತ್ತೋ ಹಿಂದಿನಿಂದ ಅಷ್ಟನ್ನೇ ಹೊರಗೆ ಬಿಡುತ್ತೆ. ಕೋಣೆ ಹಾಗೇ ಇರುತ್ತೆ.”

ಪ್ರಿಯಂವದಾ ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿ ಅವರನ್ನೇ ನೋಡಿದರು. ಕಣ್ಣಲ್ಲಿ ನಿಜವಾದ ಮೆಚ್ಚುಗೆಯಿತ್ತು.

“ಎಂಥ ತಪ್ಪು ಸರ್ ಇದು. ನಾನು ನಿನ್ನೆಯಿಂದ ಯೋಚನೆ ಮಾಡಿದ್ರೂ ತಂಪಾಗುತ್ತೆ ಅನ್ನೋದು ಬಿಟ್ಟು ಬೇರೆ ತಪ್ಪು ಹೊಳೀಲಿಲ್ಲ. ಇದು ಎಷ್ಟು ನಿಜ ಅನ್ನಿಸುತ್ತೆ ನೋಡಿ. ಫ್ರಿಜ್ಜಿನ ಮೋಟಾರು ತಿನ್ನೋ ಕರೆಂಟೆಲ್ಲ ಶಾಖವಾಗಿ ಆ ಕೋಣೆಯೊಳಗೇ ಬೀಳುತ್ತಲ್ಲ, ಕೋಣೆ ಬಿಸಿ ಆಗ್ಲೇಬೇಕು. ಅದನ್ನ ಪೂರ್ತಿ ಮರೆತವರು ಮಾತ್ರ ಹೀಗೆ ಹೇಳೋಕೆ ಸಾಧ್ಯ. ಬೇಕೂಂತ ಅಷ್ಟು ಸರಿಯಾಗಿ ಮರೆಯೋದು ನಿಮಗೆ ಹೇಗೆ ಸರ್ ಬರುತ್ತೆ?”

ನಾಗಭೂಷಣ್ ಜೇಬಿನಲ್ಲಿ ಗ್ಯಾಸಿನ ಮಾತ್ರೆಗಾಗಿ ತಡಕಾಡಿದರು.

“ಅನುಭವ, ಮೇಡಂ,” ಎಂದರು.